ಬಲ್ಬಿಗೆ ಪಾಸ್‌ವರ್ಡ್ ಹೇಳುವುದು ಹೇಗೆ?

ಹೊಸ ಲ್ಯಾಪ್‌ಟಾಪನ್ನು ಮನೆಯ ವೈಫೈಗೆ ಸೇರಿಸುವುದು ಸುಲಭ. ಪರದೆಯಿದೆ, ಕೀಲಿಮಣೆಯಿದೆ, ಹೆಸರು ಆರಿಸಿ ಪಾಸ್‌ವರ್ಡ್ ಒತ್ತಿದರೆ ಮುಗಿಯಿತು. ಸ್ಮಾರ್ಟ್ ಬಲ್ಬಿಗೆ ಇವೆರಡೂ ಇಲ್ಲ. ಹೋಲ್ಡರಿನಲ್ಲಿ ಕೂತು ಮಿಣುಕುವುದಷ್ಟೇ ಅದಕ್ಕೆ ಗೊತ್ತು. ಆ್ಯಪಿನ ಚಕ್ರ ತಿರುಗಿ ತಿರುಗಿ ಕೊನೆಗೆ ‘ಸಾಧನ ಸಿಗಲಿಲ್ಲ’ ಎಂದುಬಿಟ್ಟರೆ, ಬಲ್ಬೇ ಕೆಟ್ಟಿದೆಯೆಂದು ಅಂಗಡಿಗೆ ವಾಪಸ್ ಒಯ್ಯುವವರಿದ್ದಾರೆ. ಬಲ್ಬ್ ಚೆನ್ನಾಗಿಯೇ ಇರಬಹುದು. ಫೋನು, ಬಲ್ಬು, ರೂಟರು ಮತ್ತು ಎಲ್ಲೋ ದೂರದಲ್ಲಿರುವ ಕಂಪನಿಯ ಸರ್ವರು, ಈ ನಾಲ್ಕರ ನಡುವೆ ಯಾವುದೋ ಒಂದು ಕೊಂಡಿ ತಪ್ಪಿರುತ್ತದೆ. ಯಾವುದು ಎಂದು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ಉದ್ದದಲ್ಲಿ ಅಡಗಿದ ಗುಟ್ಟು

ಇಲ್ಲಿ ಫೋನಿನ ಪಾತ್ರ ಮದುವೆ ಕುದುರಿಸುವ ಹಿರಿಯರದು. ಬಲ್ಬಿಗೂ ರೂಟರಿಗೂ ಪರಿಚಯ ಮಾಡಿಸಿ ಪಕ್ಕಕ್ಕೆ ಸರಿಯುತ್ತದೆ. ಆಮೇಲಿನ ಸಂಸಾರ ಅವೆರಡರದೇ. ಪರಿಚಯ ಮಾಡಿಸಲು ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಬಲು ಜಾಣತನದ್ದು. ವೈಫೈಯಲ್ಲಿ ಓಡಾಡುವ ಮಾಹಿತಿಯೆಲ್ಲ ಗೂಢಲಿಪಿಯಲ್ಲಿರುತ್ತದೆ. ಇನ್ನೂ ಜಾಲಕ್ಕೆ ಸೇರದ ಬಲ್ಬಿಗೆ ಅದನ್ನು ಓದಲು ಬರುವುದಿಲ್ಲ. ಆದರೆ ಒಂದೊಂದು ಪ್ಯಾಕೆಟ್ ಎಷ್ಟು ಉದ್ದವಿದೆ ಎಂಬುದು ಹೊರಗಿನವರಿಗೂ ಕಾಣುತ್ತದೆ. ಆದ್ದರಿಂದ ಫೋನು ಬೇಕೆಂದೇ ಬೇರೆ ಬೇರೆ ಉದ್ದದ ಪ್ಯಾಕೆಟ್‌ಗಳನ್ನು ಸಾಲಾಗಿ ಹೊರಡಿಸುತ್ತದೆ. ಬಲ್ಬು ಒಳಗೇನಿದೆ ಎಂದು ನೋಡದೆ ಉದ್ದಗಳನ್ನಷ್ಟೇ ಅಳೆದು ಪಾಸ್‌ವರ್ಡನ್ನು ಜೋಡಿಸಿಕೊಳ್ಳುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ‘ಸ್ಮಾರ್ಟ್‌ಕಾನ್ಫಿಗ್’ ಎಂಬ ಹೆಸರಿನಲ್ಲಿ ಬಳಕೆಗೆ ತಂದ ಉಪಾಯವಿದು.

ಎರಡನೆಯ ದಾರಿಯಲ್ಲಿ ಬಲ್ಬು ತಾನೇ ಒಂದು ಪುಟ್ಟ ಹಾಟ್‌ಸ್ಪಾಟ್ ಆಗುತ್ತದೆ. ಫೋನು ಅದಕ್ಕೆ ಸೇರಿ ಪಾಸ್‌ವರ್ಡನ್ನು ನೇರವಾಗಿ ಕೊಡುತ್ತದೆ. ಮೂರನೆಯದು ಬ್ಲೂಟೂತ್. ಅನೇಕ ಬಲ್ಬುಗಳಲ್ಲಿ ವೇಗವಾಗಿ ಮಿಣುಕಿದರೆ ಮೊದಲನೆಯ ವಿಧಾನ, ನಿಧಾನವಾಗಿ ಮಿಣುಕಿದರೆ ಎರಡನೆಯದು ಎಂದರ್ಥ. ಆ್ಯಪಿನಲ್ಲಿ ಆರಿಸಿರುವ ವಿಧಾನವೂ ಬಲ್ಬಿನ ಮಿಣುಕೂ ಹೊಂದದಿದ್ದರೆ ಎಷ್ಟು ಹೊತ್ತು ಕಾದರೂ ಫಲವಿಲ್ಲ.

ಅಗ್ಗದ ರೇಡಿಯೊ, ದೂರದ ಕಿವಿ

ಇಂದಿನ ರೂಟರುಗಳು ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ ಮಾತಾಡುತ್ತವೆ. ಬಲ್ಬು, ಪ್ಲಗ್ಗುಗಳಲ್ಲಿ ಹೆಚ್ಚಿನವು 2.4 ಅನ್ನು ಮಾತ್ರ ಬಲ್ಲವು. ಬೆಲೆ ಒಂದು ಕಾರಣ: ಶಾಂಘೈನ ಎಸ್ಪ್ರೆಸಿಫ್ ಕಂಪನಿ 2014ರಲ್ಲಿ ತಂದ ಇಎಸ್‌ಪಿ8266ರಂಥ ಅಗ್ಗದ ಚಿಪ್‌ಗಳು ಇರುವುದೇ ಹಾಗೆ. ಭೌತವಿಜ್ಞಾನ ಇನ್ನೊಂದು ಕಾರಣ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, 5ರದು ಸುಮಾರು 6. ಉದ್ದನೆಯ ಅಲೆ ಗೋಡೆ ದಾಟುವಾಗ ಕಡಿಮೆ ಸೊರಗುತ್ತದೆ. ಬಲ್ಬಿಗೆ ಸಿನಿಮಾ ನೋಡುವಷ್ಟು ವೇಗ ಬೇಕಿಲ್ಲ, ಹಿತ್ತಲಿನ ತನಕ ಸಂಕೇತ ತಲುಪಿದರೆ ಸಾಕು.

ತೊಡಕು ಬರುವುದು ನಿಮ್ಮ ಫೋನು 5ರಲ್ಲಿ ಕೂತಿದ್ದಾಗ. ಎರಡು ಪಟ್ಟಿಗಳಿಗೂ ಬೇರೆ ಬೇರೆ ಹೆಸರಿದ್ದರೆ, ಆ್ಯಪು 5ರ ಹೆಸರನ್ನೇ ಬಲ್ಬಿಗೆ ಒಪ್ಪಿಸುತ್ತದೆ. ಬಲ್ಬು ತನಗೆ ಕಾಣದ ಜಾಲವನ್ನು ಹುಡುಕುತ್ತ ಕೂರುತ್ತದೆ. ಎರಡಕ್ಕೂ ಒಂದೇ ಹೆಸರಿದ್ದು ಜೋಡಣೆ ಕೈಕೊಡುತ್ತಿದ್ದರೆ, ರೂಟರಿನ ಸೆಟ್ಟಿಂಗಿನಲ್ಲಿ 5 ಅನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಬಲ್ಬು ಸೇರಿದ ಮೇಲೆ ಮತ್ತೆ ಚಾಲೂ ಮಾಡಬಹುದು. ಹಾಗೆಯೇ ರೂಟರು ಹೊಸ ಡಬ್ಲ್ಯೂಪಿಎ3 ಸುರಕ್ಷತೆಯನ್ನು ಮಾತ್ರ ಒಪ್ಪುವಂತಿದ್ದರೆ ಹಳೆಯ ಸಾಧನಗಳಿಗೆ ಬಾಗಿಲೇ ತೆರೆಯದು. ಡಬ್ಲ್ಯೂಪಿಎ2 ಕೂಡ ಒಪ್ಪುವ ಆಯ್ಕೆ ಇಟ್ಟುಕೊಳ್ಳಿ.

ಜಾಲದ ಹೆಸರನ್ನೂ ಗಮನಿಸಬೇಕು. ವೈಫೈ ಹೆಸರಿಗೆ 32 ಬೈಟ್‌ಗಳ ಮಿತಿಯಿದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಯೂನಿಕೋಡಿನ ರೂಢಿಯ ಬರಹದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೇಕು. ‘ಶ್ರೀನಿಲಯ’ ಎಂದು ಇಟ್ಟರೆ 24 ಬೈಟ್ ಅಲ್ಲೇ ಖರ್ಚು. ಫೋನಿಗೆ ಇದು ಸಮಸ್ಯೆಯಲ್ಲ, ಆದರೆ ಕೆಲವು ಅಗ್ಗದ ಸಾಧನಗಳು ಇಂಥ ಹೆಸರನ್ನು ಕಂಡು ತಡವರಿಸುತ್ತವೆ. ಕನ್ನಡಾಭಿಮಾನಕ್ಕೆ ಕುಂದು ತರದೆ, ಸಾಧನಗಳಿಗೆಂದೇ ಸರಳ ಹೆಸರಿನ ಇನ್ನೊಂದು ಜಾಲ ಮಾಡಿಕೊಳ್ಳಬಹುದು.

ಫೋನಿನ ಅತಿಬುದ್ಧಿ

ಬಲ್ಬಿನ ಹಾಟ್‌ಸ್ಪಾಟಿನಲ್ಲಿ ಇಂಟರ್ನೆಟ್ ಇರುವುದಿಲ್ಲ. ಇದನ್ನು ಕಂಡ ಫೋನು, ಇದು ಕೆಟ್ಟ ಜಾಲವೆಂದು ತೀರ್ಮಾನಿಸಿ ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹಾರುತ್ತದೆ. ಆ್ಯಪು ಬಲ್ಬಿಗೆ ಹೇಳಬೇಕಾದ ಮಾತು ಟವರಿನ ಕಡೆಗೆ ಹೋಗುತ್ತದೆ. ಜೋಡಣೆ ಮುಗಿಯುವ ತನಕ ಮೊಬೈಲ್ ಡೇಟಾ ಆಫ್ ಮಾಡುವುದು ಇದಕ್ಕೆ ಮದ್ದು.

ಜೋಡಣೆಯ ವೇಳೆ ಆ್ಯಪು ಲೊಕೇಶನ್ ಅನುಮತಿ ಕೇಳಿದಾಗ, ಬಲ್ಬಿನ ಆ್ಯಪಿಗೆ ನಾನಿರುವ ಜಾಗ ಯಾಕೆ ಬೇಕು ಎಂಬ ಅನುಮಾನ ಸಹಜ. ನಿಮ್ಮ ಸುತ್ತ ಯಾವ ಯಾವ ರೂಟರುಗಳಿವೆ ಎಂಬ ಪಟ್ಟಿ ಸಿಕ್ಕರೆ ನೀವು ಯಾವ ಬೀದಿಯಲ್ಲಿದ್ದೀರಿ ಎಂದು ಊಹಿಸಬಹುದು. ಅದಕ್ಕೇ 2015ರ ಆಂಡ್ರಾಯ್ಡ್ 6ರಲ್ಲಿ ಆ ಪಟ್ಟಿ ನೋಡಲು ಲೊಕೇಶನ್ ಅನುಮತಿ ಕಡ್ಡಾಯವಾಯಿತು. ಅಂದರೆ ನಿಮ್ಮ ಖಾಸಗಿತನ ಕಾಯಲು ಬಂದ ನಿಯಮವೇ ಇಲ್ಲಿ ಅನುಮಾನಕ್ಕೆ ಕಾರಣ. ಕೆಲಸ ಮುಗಿದ ಮೇಲೆ ಅನುಮತಿಯನ್ನು ಹಿಂದೆ ಪಡೆಯಬಹುದು.

ಕರೆಂಟು ಹೋಗಿ ಬಂದಾಗ

ಕೂಡಿಸಿದ್ದು ಕೂಡಿಯೇ ಇರುತ್ತದೆ ಎನ್ನುವಂತಿಲ್ಲ. ಬಲ್ಬಿಗೆ ಗುಂಡಿಯಿಲ್ಲದ ಕಾರಣ, ಬೇಗಬೇಗ ಕೆಲವು ಸಲ ಆನ್-ಆಫ್ ಮಾಡುವುದನ್ನೇ ‘ಎಲ್ಲ ಮರೆತುಬಿಡು’ ಎಂಬ ಆಜ್ಞೆಯಾಗಿ ತಯಾರಕರು ಇಟ್ಟಿದ್ದಾರೆ. ಮಳೆಗಾಲದ ಸಂಜೆ ಕರೆಂಟು ಬಂದು ಹೋಗಿ ಬಂದು ಹೋದರೆ ಬಲ್ಬಿಗೆ ಅದೂ ಆಜ್ಞೆಯೇ. ಮರುದಿನ ಅದು ಮತ್ತೆ ಮಿಣುಕುತ್ತ ಕೂತಿದ್ದರೆ ಯಾರೋ ಕೆಡಿಸಿದರೆಂದು ಮಕ್ಕಳನ್ನು ಬೈಯಬೇಡಿ. ಇನ್ನು, ಕರೆಂಟು ಬಂದ ಕೆಲವೇ ಸೆಕೆಂಡಿನಲ್ಲಿ ಬಲ್ಬು ಎಚ್ಚರಗೊಳ್ಳುತ್ತದೆ, ರೂಟರಿಗೆ ಒಂದೆರಡು ನಿಮಿಷ ಬೇಕು. ಹುಡುಕಿ ಸಿಗದೆ ಕೆಲವು ಸಾಧನಗಳು ಕೈಚೆಲ್ಲುತ್ತವೆ. ರೂಟರಿಗೊಂದು ಪುಟ್ಟ ಯುಪಿಎಸ್ ಇದ್ದರೆ ಈ ರಗಳೆ ತಪ್ಪುತ್ತದೆ. ನಡುರಾತ್ರಿ ಕರೆಂಟು ಬಂದೊಡನೆ ದೀಪ ತಾನಾಗಿ ಹತ್ತುತ್ತಿದ್ದರೆ, ಕರೆಂಟು ಬಂದಾಗ ಹಿಂದಿನ ಸ್ಥಿತಿಗೇ ಮರಳುವ ಆಯ್ಕೆ ಆ್ಯಪಿನಲ್ಲಿದೆಯೇ ನೋಡಿ.

ಸ್ಮಾರ್ಟ್ ಸ್ವಿಚ್ಚಿನ ಸಂಕಟ ಬೇರೆ. ಅದರೊಳಗಿನ ರೇಡಿಯೊ ದೀಪ ಆರಿದ್ದಾಗಲೂ ಎಚ್ಚರವಿರಬೇಕು. ಅದಕ್ಕೆ ಫೇಸ್ ಜೊತೆ ನ್ಯೂಟ್ರಲ್ ವೈರೂ ಬೇಕು. ಪ್ಲಗ್ ಸಾಕೆಟ್ ಇರುವ ಬೋರ್ಡಿನಲ್ಲಿ ನ್ಯೂಟ್ರಲ್ ಸಿಗುತ್ತದೆ, ಬರೀ ಸ್ವಿಚ್ಚುಗಳಿರುವ ಬೋರ್ಡಿನಲ್ಲಿ ಇಲ್ಲದಿರಬಹುದು. ನ್ಯೂಟ್ರಲ್ ಬೇಡದ ಮಾದರಿಗಳು ದೀಪದ ಮೂಲಕವೇ ಒಂದಿಷ್ಟು ವಿದ್ಯುತ್ತನ್ನು ಹರಿಸಿಕೊಂಡು ಬದುಕುತ್ತವೆ. ಹಳೆಯ ತಂತಿ ಬಲ್ಬಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಎಲ್‌ಇಡಿ ಮಾತ್ರ ಆಫ್ ಮಾಡಿದರೂ ಮಂದವಾಗಿ ಉರಿಯಬಹುದು, ಇಲ್ಲವೇ ಮಿಟುಕಬಹುದು. ಹಣ ಕೊಡುವ ಮೊದಲೇ ಎಲೆಕ್ಟ್ರಿಷಿಯನ್‌ನಿಂದ ಬೋರ್ಡು ಬಿಚ್ಚಿಸಿ ನೋಡುವುದು ಲೇಸು.

ಮನೆಯ ಮಾತು ಮನೆಯಲ್ಲೇ

ಇಷ್ಟೆಲ್ಲ ಸರಿಯಾದರೂ ಸರ್ವರೆಂಬ ಕೊಂಡಿ ಉಳಿಯುತ್ತದೆ. ಅನೇಕ ಬಲ್ಬುಗಳಿಗೆ ಎದುರಿನ ಸೋಫಾದಿಂದ ಕೊಟ್ಟ ಆಜ್ಞೆಯೂ ದೂರದ ಸರ್ವರನ್ನು ಸುತ್ತಿಯೇ ಬರಬಹುದು. 2016ರಲ್ಲಿ ನೆಸ್ಟ್ ಕಂಪನಿ ತಾನು ಕೊಂಡಿದ್ದ ರಿವಾಲ್ವ್ ಸಂಸ್ಥೆಯ ಸರ್ವರ್ ಮುಚ್ಚಿದಾಗ ಜನರ ಮನೆಯಲ್ಲಿ ಸ್ಮಾರ್ಟ್ ಸಾಧನಗಳನ್ನು ನಿಯಂತ್ರಿಸುತ್ತಿದ್ದ ಅದರ ಹಬ್‌ಗಳು ಕೆಲಸಕ್ಕೆ ಬಾರದಾದವು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಎಂಬ ಸ್ಮಾರ್ಟ್ ಸಾಧನಗಳ ಕಂಪನಿಯ ಸರ್ವರುಗಳು ಹೇಳದೆ ಕೇಳದೆ ನಿಂತವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ‘ಮ್ಯಾಟರ್’ ಮಾನದಂಡ ಈ ಹಂಗನ್ನು ಕಡಿಮೆ ಮಾಡಲು ಹೊರಟಿದೆ. ಆ್ಯಪಲ್, ಗೂಗಲ್, ಅಮೆಜಾನ್, ಸ್ಯಾಮ್‌ಸಂಗ್ ಎಲ್ಲವೂ ಅದನ್ನು ಒಪ್ಪಿವೆ. ಸಾಧನಗಳು ಮನೆಯೊಳಗಿನ ಜಾಲದಲ್ಲೇ ಮಾತಾಡಿಕೊಳ್ಳುತ್ತವೆ. ಮ್ಯಾಟರ್ ಸಾಧನವನ್ನು ಕೂಡಿಸಲು ಕ್ಯೂಆರ್ ಚಿತ್ರ ಅಥವಾ 11 ಅಂಕಿಗಳ ಸಂಖ್ಯೆ ಬೇಕು. ಅವನ್ನು ಮುದ್ರಿಸಿದ ಚೀಟಿ ಬಲ್ಬಿನ ಮೈಮೇಲೇ ಇದ್ದರೆ, ಹೋಲ್ಡರಿಗೆ ಹಾಕುವ ಮುನ್ನ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಕೊಂಡದ್ದು ಬಾಳುವಂಥದ್ದೇ ಎಂದು ತಿಳಿಯಲು ಬ್ರಾಡ್‌ಬ್ಯಾಂಡ್ ಕೈಕೊಟ್ಟ ದಿನ ಪರೀಕ್ಷಿಸಿ. ಅಂಥ ದಿನಕ್ಕೆ ನಮ್ಮಲ್ಲಿ ಬಹಳ ಕಾಯಬೇಕಿಲ್ಲ. ಆಗಲೂ ಫೋನಿನಿಂದ ದೀಪ ಹತ್ತಿದರೆ ಒಳ್ಳೆಯದು. ಗೋಡೆಯ ಸ್ವಿಚ್ಚಿಗಂತೂ ಹತ್ತಲೇಬೇಕು. ಆ್ಯಪು ಹಾಕಿಕೊಳ್ಳದ ಅಜ್ಜಿಗೂ ಕತ್ತಲಲ್ಲಿ ಬಚ್ಚಲಿಗೆ ಹೋಗುವುದಿರುತ್ತದೆ.