ಚಿಕ್ಕ ಕ್ರೈಸ್ತ ಕಾಲೇಜಿನಲ್ಲಿ ವಿದ್ಯಾಭ್ಯಾಸ

ಬೆಂಗಳೂರಿನಿಂದ ತುಮಕೂರಿನ ರಸ್ತೆ ಹಿಡಿದು ಹೊರಟವರಿಗೆ ಪೀಣ್ಯದ ಕಾರ್ಖಾನೆಗಳ ಮಗ್ಗುಲಲ್ಲಿಯೇ ಟಿ. ದಾಸರಹಳ್ಳಿ ಎದುರಾಗುತ್ತದೆ. 2007ರವರೆಗೆ ಪ್ರತ್ಯೇಕ ನಗರಸಭೆಯಾಗಿದ್ದ ಈ ಊರು ಆ ವರ್ಷ ಬೆಂಗಳೂರಿನ ಮಹಾನಗರ ಪಾಲಿಕೆಯೊಳಗೆ ಸೇರಿತು. 2015ರಲ್ಲಿ ಮೆಟ್ರೋ ರೈಲೂ ಬಂದಿತು. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಯುವವರು, ಲೇತು ಯಂತ್ರದ ಮುಂದೆ ನಿಲ್ಲುವವರು, ನಾನಾ ಜಿಲ್ಲೆಗಳಿಂದ ಬಂದು ನೆಲಸಿದವರು ಇಲ್ಲಿ ಬಹುಮಂದಿ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತುವ ಮಕ್ಕಳು ಇಂತಹ ಕುಟುಂಬಗಳಲ್ಲಿ ಅನೇಕ. ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಮರುದಿನ ಅಲ್ಲಿ ಏಳುವ ಪ್ರಶ್ನೆ ಇದು: ಸರ್ಕಾರಿ ಕಾಲೇಜೋ, ಪಾದ್ರಿಗಳ ಕಾಲೇಜೋ?

ಪಾದ್ರಿಗಳ ಕಾಲೇಜು ದೂರವೇನೂ ಇಲ್ಲ. ನೆರೆಯ ಜಾಲಹಳ್ಳಿಯಲ್ಲಿ ಕ್ಲಾರೆಟ್ ಸಭೆಯ ಗುರುಗಳು 2005ರಲ್ಲಿ ಸ್ಥಾಪಿಸಿದ ಸೇಂಟ್ ಕ್ಲಾರೆಟ್ ಕಾಲೇಜು ಉಂಟು. ಆ ಹೆಸರಿನ ಮಹನೀಯರ ವೃತ್ತಾಂತವು ಈ ಪ್ರಾಂತಕ್ಕೆ ವಿಚಿತ್ರವಾಗಿ ಒಪ್ಪುತ್ತದೆ. ಆಂತೊನಿ ಮರಿಯ ಕ್ಲಾರೆಟ್ 1807ರಲ್ಲಿ ಸ್ಪೇನ್ ದೇಶದ ಸಲ್ಯೆಂತ್ ಎಂಬ ಊರಿನಲ್ಲಿ ನೇಯ್ಗೆಯವರ ಮನೆಯಲ್ಲಿ ಹುಟ್ಟಿ, ಬಟ್ಟೆಯ ಕಸಬನ್ನು ಚೆನ್ನಾಗಿ ಕಲಿಯಲೆಂದು ಬಾರ್ಸಿಲೋನಾಕ್ಕೆ ಹೋದವರು. ಬಳಿಕ ಗುರುದೀಕ್ಷೆ ಪಡೆದು 1849ರಲ್ಲಿ ಈ ಸಭೆಯನ್ನು ಕಟ್ಟಿದರು. ಹೊಲಿಗೆಯ ಕಾರ್ಖಾನೆಗಳ ನಡುವೆ ನೇಕಾರನ ಮಗನ ಹೆಸರಿನ ಕಾಲೇಜು!

ತಂದೆತಾಯಿಗಳ ಮನಸ್ಸಿನಲ್ಲಿರುವ ಸಂಶಯಗಳು ಎರಡು. ಒಂದು ಹಣದ್ದು, ಅದನ್ನು ಬಾಯಿಬಿಟ್ಟು ಹೇಳುತ್ತಾರೆ. ಇನ್ನೊಂದು ಮತದ್ದು, ಅದನ್ನು ಮೆಲ್ಲಗೆ ಕೇಳುತ್ತಾರೆ. ಎರಡನೆಯದನ್ನು ನಗೆಯಾಡಿ ತಳ್ಳಿಬಿಡುವುದು ನ್ಯಾಯವಲ್ಲ; ಅದಕ್ಕೆ ನಮ್ಮ ನಾಡಿನಲ್ಲಿ ಚರಿತ್ರೆಯಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಅಲ್ಲಿ ಇಂಗ್ಲಿಷ್ ಶಾಲೆಯನ್ನು ತೆರೆದರು. ಅದರಲ್ಲಿ ಓದಿದ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣರು 1844ರಲ್ಲಿ ಕ್ರೈಸ್ತರಾದಾಗ ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಅವರಿಗೆ ದೀಕ್ಷೆ ಕೊಟ್ಟ ಹರ್ಮನ್ ಮೋಗ್ಲಿಂಗರೇ ಅದರ ಹಿಂದಿನ ವರ್ಷ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದರೆಂಬುದನ್ನೂ ಇಲ್ಲಿಯೇ ನೆನೆಯಬೇಕು. ಆ ಕಾಲದ ಮಿಷನ್ ಶಾಲೆಗೆ ಮತಪ್ರಚಾರವು ಬಹಿರಂಗವಾದ ಉದ್ದೇಶವಾಗಿತ್ತು. ಅದನ್ನು ಅವರು ಮರೆಮಾಚಲೂ ಇಲ್ಲ.

ಅನಂತರ ಬಂದ ಕಾಲೇಜುಗಳ ರೀತಿ ಬೇರೆಯಾಯಿತು. ಮಂಗಳೂರಿನಲ್ಲಿ 1880ರಲ್ಲಿ ಜೆಸುಯಿಟರು ಆರಂಭಿಸಿದ ಸಂತ ಅಲೋಶಿಯಸ್, ಬೆಂಗಳೂರಿನಲ್ಲಿ 1882ರಲ್ಲಿ ಫ್ರೆಂಚ್ ಪಾದ್ರಿಗಳು ಆರಂಭಿಸಿದ ಸೇಂಟ್ ಜೋಸೆಫ್, ಮಂಗಳೂರಿನಲ್ಲಿ 1921ರಲ್ಲಿ ಹೆಣ್ಣುಮಕ್ಕಳಿಗಾಗಿ ತೆರೆದ ಸಂತ ಆಗ್ನೆಸ್, ಇವುಗಳಲ್ಲಿ ಎಲ್ಲ ಮತದವರೂ ತಲೆಮಾರುಗಳಿಂದ ಓದಿ ತಮ್ಮ ಮತದಲ್ಲಿಯೇ ಉಳಿದು ಹೊರಬಂದಿದ್ದಾರೆ. ರೂಢಿಯೊಂದನ್ನೇ ನಂಬಬೇಕಾಗಿಯೂ ಇಲ್ಲ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 28ನೆಯ ಅನುಚ್ಛೇದವು, ಸರ್ಕಾರದ ಮಾನ್ಯತೆಯನ್ನಾಗಲಿ ನೆರವನ್ನಾಗಲಿ ಪಡೆದ ವಿದ್ಯಾಸಂಸ್ಥೆಯಲ್ಲಿ ಯಾವ ವಿದ್ಯಾರ್ಥಿಯೂ ತನ್ನ ಸಮ್ಮತಿಯಿಲ್ಲದೆ ಮತಬೋಧೆಗೆ ಅಥವಾ ಆರಾಧನೆಗೆ ಬರಬೇಕಾಗಿಲ್ಲವೆಂದು ವಿಧಿಸಿದೆ. ವಿದ್ಯಾರ್ಥಿಯು ಅಪ್ರಾಪ್ತ ವಯಸ್ಸಿನವನಾದರೆ ಪೋಷಕರ ಸಮ್ಮತಿ ಬೇಕು. ನೀತಿಬೋಧೆಯೆಂದು ವೇಳಾಪಟ್ಟಿಯಲ್ಲಿರುವ ಪಾಠ ಬೇರೆ, ಮತಬೋಧೆ ಬೇರೆ. ಗೆರೆ ಎಲ್ಲಿದೆಯೆಂದು ಕೇಳಲು ವಿದ್ಯಾರ್ಥಿಗೆ ಸಂಕೋಚ ಬೇಡ.

ಇದೇ ಸಂವಿಧಾನವು 30ನೆಯ ಅನುಚ್ಛೇದದಲ್ಲಿ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಇದರ ಫಲವೊಂದು ನಮ್ಮ ಜನಕ್ಕೆ ಸಾಮಾನ್ಯವಾಗಿ ತಿಳಿದಿಲ್ಲ. ಖಾಸಗಿ ಕಾಲೇಜುಗಳಲ್ಲಿಯೂ ಹಿಂದುಳಿದವರಿಗೆ, ಪರಿಶಿಷ್ಟರಿಗೆ ಸ್ಥಾನಗಳನ್ನು ಕಾದಿರಿಸಲು 2005ರ 93ನೆಯ ತಿದ್ದುಪಡಿ ಸರ್ಕಾರಕ್ಕೆ ಅವಕಾಶವಿತ್ತಿತಾದರೂ ಅಲ್ಪಸಂಖ್ಯಾತರ ಸಂಸ್ಥೆಗಳನ್ನು ಅದರಿಂದ ಹೊರಗಿಟ್ಟಿತು. ದಾಸರಹಳ್ಳಿಯ ಬಡ ಮನೆಯ ಹುಡುಗಿಗೆ ಸರ್ಕಾರಿ ಕಾಲೇಜಿನಲ್ಲಿ ಹಕ್ಕಿನಿಂದ ದೊರೆಯುವ ಸ್ಥಾನವು ಇಲ್ಲಿ ಆಡಳಿತದವರ ಔದಾರ್ಯದಿಂದ ದೊರೆಯಬೇಕು. ಔದಾರ್ಯವು ಅನೇಕ ಕಡೆ ನಿಜವಾಗಿಯೂ ಉಂಟು. ಆದರೆ ಹಕ್ಕಿನಂತೆ ಅದನ್ನು ಒತ್ತಾಯಿಸಿ ಕೇಳುವುದಕ್ಕಾಗದು. ಈ ವ್ಯತ್ಯಾಸವು ನನಗೆ ಸಣ್ಣದಾಗಿ ತೋರುವುದಿಲ್ಲ.

ಹಣದ ಮಾತು. ಸರ್ಕಾರದ ಅನುದಾನವಿಲ್ಲದ ಚಿಕ್ಕ ಕಾಲೇಜಿಗೆ ವಿದ್ಯಾರ್ಥಿಗಳ ಶುಲ್ಕವೇ ಮುಖ್ಯ ಆದಾಯ. ಉಪಾಧ್ಯಾಯರ ಸಂಬಳ, ಪುಸ್ತಕ, ಪ್ರಯೋಗಶಾಲೆ ಎಲ್ಲವೂ ಅದರಿಂದಲೇ ನಡೆಯಬೇಕು. 2002ರಲ್ಲಿ ಹನ್ನೊಂದು ಮಂದಿ ನ್ಯಾಯಾಧೀಶರ ಪೀಠವು ತೀರ್ಮಾನಿಸಿದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ (ಅದು ನಮ್ಮ ಮಣಿಪಾಲದಿಂದಲೇ ಹೊರಟದ್ದು) ಸರ್ವೋಚ್ಚ ನ್ಯಾಯಾಲಯವು, ಇಂತಹ ಸಂಸ್ಥೆಗಳು ಬೆಳವಣಿಗೆಗಾಗಿ ಮಿತವಾದ ಉಳಿತಾಯ ಮಾಡಬಹುದು, ಲಾಭಕೋರತನ ಕೂಡದು ಎಂದಿತು. ಕ್ಯಾಪಿಟೇಷನ್ ಹಣವನ್ನು ಕರ್ನಾಟಕವು 1984ರ ಕಾನೂನಿನಿಂದಲೇ ನಿಷೇಧಿಸಿದೆ. ಆದುದರಿಂದ ರಸೀತಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡತಕ್ಕದ್ದಲ್ಲ.

ಇಷ್ಟಾದ ಮೇಲೆ ಅಲ್ಲಿ ದೊರೆಯುವುದೇನು? ಉಪಾಧ್ಯಾಯ ವೃತ್ತಿಯಲ್ಲಿ ವರ್ಷಗಳನ್ನು ಕಳೆದ ನನ್ನ ಅಭಿಪ್ರಾಯದಲ್ಲಿ, ಚಿಕ್ಕ ಕಾಲೇಜಿನ ದೊಡ್ಡ ಲಾಭವೆಂದರೆ ವಿದ್ಯಾರ್ಥಿಯು ಗುರುತಿಗೆ ಸಿಕ್ಕುವುದು. ನೂರಾರು ಮಂದಿಯ ತರಗತಿಯಲ್ಲಿ ಹಾಜರಿ ಕೂಗುವುದು ಸಂಖ್ಯೆಯಿಂದ. ನಲವತ್ತು ಮಂದಿಯಲ್ಲಿ ಹೆಸರಿನಿಂದ. ಎರಡು ದಿನ ಬಾರದಿದ್ದರೆ ಯಾರಾದರೂ ಮನೆಗೆ ದೂರವಾಣಿ ಮಾಡುತ್ತಾರೆ. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನಲ್ಲಿ ಬಾಯಿಬಿಡಲಾರದೆ ಹಿಂದಿನ ಬೆಂಚಿನಲ್ಲಿ ಕುಳಿತವರನ್ನು ಅಲ್ಲಿ ಉಪಾಧ್ಯಾಯರು ಕಾಣಬಲ್ಲರು. ದೊಡ್ಡ ಕೊಠಡಿಯಲ್ಲಿ ಅವರು ಮೂರು ವರ್ಷವೂ ಕಣ್ಣಿಗೆ ಬೀಳದೆ ಹೋಗಬಹುದು. ಇದಕ್ಕೆ ಬೆಲೆಯೂ ಉಂಟು: ಐಚ್ಛಿಕ ವಿಷಯಗಳು ಕೆಲವೇ, ಪುಸ್ತಕಭಂಡಾರ ತೆಳುವು, ಒಳ್ಳೆಯ ಉಪಾಧ್ಯಾಯರು ಹೆಚ್ಚಿನ ಸಂಬಳವಿರುವಲ್ಲಿಗೆ ಹೊರಟುಹೋಗುವರು. ಕೇಳುವವರು ಕಡಮೆಯಾದರೆ ಸಾಹಿತ್ಯ, ಚರಿತ್ರೆಗಳನ್ನು ಮುಚ್ಚಿ ವಾಣಿಜ್ಯವನ್ನು ಹೆಚ್ಚಿಸುವರು.

ಸೇರುವ ಮುನ್ನ ನೋಡಬೇಕಾದವು ಕೆಲವುಂಟು. ಪದವಿಯನ್ನು ಕೊಡುವುದು ವಿಶ್ವವಿದ್ಯಾನಿಲಯವೇ ಹೊರತು ಕಾಲೇಜಲ್ಲ. ತಾವು ಬಯಸಿದ ತರಗತಿಗೇ ಈ ವರ್ಷದ ಸಂಯೋಜನೆ ಇದೆಯೇ ಎಂದು ಆಜ್ಞಾಪತ್ರವನ್ನು ತೋರಿಸಲು ಕೇಳಿ. ಕಾಲೇಜು ಸ್ವಾಯತ್ತವಾಗಿದ್ದರೆ ಪಾಠಕ್ರಮವನ್ನೂ ಪರೀಕ್ಷೆಯನ್ನೂ ತಾನೇ ನಡೆಸುವುದು, ಪದವಿ ಮಾತ್ರ ವಿಶ್ವವಿದ್ಯಾನಿಲಯದ್ದು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಗುಮಾಸ್ತರು ಯಾರು, ಕನ್ನಡ ಕಲಿಸುವವರು ಖಾಯಂ ಉಪಾಧ್ಯಾಯರೋ ಗಂಟೆಯ ಲೆಕ್ಕದವರೋ ಎಂಬುದನ್ನೂ ವಿಚಾರಿಸಿ. ಸಾಧ್ಯವಾದರೆ ಮೂರನೆಯ ವರ್ಷದ ವಿದ್ಯಾರ್ಥಿಯೊಬ್ಬನನ್ನು ಬಾಗಿಲ ಬಳಿ ನಿಲ್ಲಿಸಿ, ಮೊದಲ ವರ್ಷದಲ್ಲಿ ಪಾಠ ಹೇಳಿದವರಲ್ಲಿ ಎಷ್ಟು ಮಂದಿ ಇನ್ನೂ ಇದ್ದಾರೆಂದು ಕೇಳಿ.