ಜಗಲಿಯ ಮೇಲೊಂದು ಜಾವಾ

ಸಿಲಿಂಡರು ಒಂದೇ ಇದ್ದು ಹೊಗೆ ಹೊರಡುವ ನಳಿಗೆಗಳು ಮಾತ್ರ ಎರಡಿರುವ ಮೋಟಾರುಸೈಕಲ್ಲನ್ನು ಕಂಡವರಿಗೆ, ಎಡಬಲಗಳ ಸೌಷ್ಠವಕ್ಕಾಗಿಯೋ, ಬೀದಿಯ ಜನರಲ್ಲಿ ಇದೊಂದು ಮಹಾಯಂತ್ರವೆಂಬ ಭ್ರಮೆಯನ್ನು ಹುಟ್ಟಿಸುವುದಕ್ಕಾಗಿಯೋ ಎರಡನೆಯದನ್ನು ಸುಮ್ಮನೆ ಅಂಟಿಸಿರಬೇಕೆಂಬ ಸಂದೇಹ ಬರುವುದು ಸಹಜ. ಅದು ಪರಿಹಾರವಾಗಬೇಕಾದರೆ ಸಿಲಿಂಡರನ್ನು ಕಳಚಿ, ಹಲವು ದಶಕಗಳ ಮಸಿಯನ್ನು ಕೆರೆದು ತೆಗೆದು, ಬೆಳಕಿಗೆ ಹಿಡಿದು ಒಳಗಣ್ಣಾಡಿಸಬೇಕು. ಟೂ ಸ್ಟ್ರೋಕ್ ಎಂಜಿನ್ನಿಗೆ ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನು ತಾನೇ ಏರಿಳಿಯುತ್ತ ಮುಚ್ಚಿ ತೆರೆಯುತ್ತದೆ. ಸುಟ್ಟ ಹೊಗೆ ಶೀಘ್ರವಾಗಿ ಹೊರಬೀಳಬೇಕಾದರೆ ಕಿಂಡಿ ವಿಶಾಲವಾಗಿರಬೇಕು. ವಿಶಾಲವಾದರೋ, ಪಿಸ್ಟನ್ನನ್ನು ಸುತ್ತಿಕೊಂಡಿರುವ ರಿಂಗು ಆ ತೆರವಿನೊಳಕ್ಕೆ ಉಬ್ಬಿ, ಅಂಚಿಗೆ ಸಿಕ್ಕಿ ಮುರಿದುಹೋಗುತ್ತದೆ. ಆದಕಾರಣ ನಡುವೆ ಲೋಹದ ಕಂಬವೊಂದನ್ನು ಉಳಿಸಿ ಒಂದರ ಬದಲು ಎರಡು ಕಿಂಡಿಗಳು, ಎರಡು ಕಿಂಡಿಗಳಿಗೆ ಎರಡು ನಳಿಗೆಗಳು. ಸೌಂದರ್ಯದ ಆಸೆಯೂ ನಿರ್ಮಾತೃಗಳಿಗೆ ಇದ್ದಿರಬಹುದು. ಇದ್ದರೆ ಅದು ಪ್ರಯೋಜನದ ಬೆನ್ನುಹಿಡಿದೇ ಬಂದಿತು. ಹಳೆಯ ಮೋಟಾರುಸೈಕಲ್ಲನ್ನು ಮನೆಯಲ್ಲಿ ಬಿಚ್ಚಿ ಜೋಡಿಸುವ ವ್ಯಸನಕ್ಕೆ ಏನಾದರೂ ಸಮರ್ಥನೆಯಿದ್ದಲ್ಲಿ ಅದು ಇಂತಹ ಕಾರಣಗಳನ್ನು ಕೈಯಿಂದ ಮುಟ್ಟಿ ಅರಿಯುವುದರಲ್ಲಿದೆ. ಅರಿಯುವ ಮುನ್ನವೇ ತನ್ನ ಅಭಿರುಚಿಗೆ ತಕ್ಕಂತೆ ಯಂತ್ರವನ್ನು ಮಾರ್ಪಡಿಸಹೊರಡುವುದು ಗ್ರಂಥವನ್ನು ಓದದೆಯೇ ಅದಕ್ಕೆ ತಿದ್ದುಪಡಿ ಬರೆಯಹೊರಟಂತೆ.

ನಾನು ಹೇಳುತ್ತಿರುವುದು ಮೈಸೂರಿನ ಜಾವಾ 250ರ ವಿಷಯ. ಶಸ್ತ್ರಾಸ್ತ್ರಗಳ ವ್ಯಾಪಾರ ಇಳಿಮುಖವಾದುದರಿಂದ ಬೇರೊಂದು ಕಸುಬನ್ನು ಅರಸುತ್ತಿದ್ದ ಚೆಕ್ ಉದ್ಯಮಿ ಫ್ರಾಂಟಿಶೆಕ್ ಯಾನೆಚೆಕ್, ಜರ್ಮನಿಯ ವಾಂಡರರ್ ಕಂಪನಿಯ ಮೋಟಾರುಸೈಕಲ್ ವಿಭಾಗವನ್ನು ಕೊಂಡು, 1929ರಲ್ಲಿ ಈ ಹೆಸರಿನ ವಾಹನಗಳ ನಿರ್ಮಾಣಕ್ಕೆ ತೊಡಗಿದನು. ಎರಡನೆಯ ಮಹಾಯುದ್ಧದಲ್ಲಿ ದೇಶ ಜರ್ಮನರ ವಶದಲ್ಲಿದ್ದಾಗ ಅಲ್ಲಿನ ಎಂಜಿನಿಯರುಗಳು ಆಳುವವರ ಕಣ್ಣುತಪ್ಪಿಸಿ ರೂಪಿಸಿದ ಯಂತ್ರ 1946ರಲ್ಲಿ ಬೆಳಕು ಕಂಡಿತು. ಅದರ ಸಂತತಿಯಾಗಿ 1954ರಲ್ಲಿ ಬಂದ 353 ಎಂಬ ಮಾದರಿಯೇ ಕೆಲವು ವರ್ಷಗಳಲ್ಲಿ ಸಮುದ್ರ ದಾಟಿ ಮೈಸೂರಿಗೆ ಬಂದದ್ದು. ಇರಾನಿ ಕುಟುಂಬದ ರುಸ್ತುಂ ಮತ್ತು ಫರ್ರೋಖ್ ಇರಾನಿಯವರು 1960ರಲ್ಲಿ ಯಾದವಗಿರಿಯಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯನ್ನು, ಆಗ ಮೈಸೂರು ರಾಜ್ಯದ ರಾಜ್ಯಪಾಲರೂ ಆಗಿದ್ದ ಜಯಚಾಮರಾಜೇಂದ್ರ ಒಡೆಯರು ಉದ್ಘಾಟಿಸಿದರು. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು. ರೋಡ್‌ಕಿಂಗ್ ಮೊದಲಾದ ಮಾದರಿಗಳು ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮುಚ್ಚಿದ ಮೇಲೆ ಬಿಡಿಭಾಗಗಳಿಗಾಗಿ ಗುಜರಿಗಳನ್ನು ಸುತ್ತುವುದು, ನಕಲಿಯಲ್ಲೂ ಒಳ್ಳೆಯದನ್ನು ಕೆಟ್ಟದರಿಂದ ಬೇರ್ಪಡಿಸುವುದು, ಇವೇ ಈ ಯಂತ್ರದ ಒಡೆಯರ ವಿದ್ಯಾಭ್ಯಾಸವಾಯಿತು.

ಕೊಳ್ಳುವಾಗ ಜನ ಎಂಜಿನ್ ಓಡುತ್ತದೆಯೇ ಎಂದು ಕೇಳುತ್ತಾರೆ. ಓಡದ ಎಂಜಿನ್ನನ್ನು ಓಡಿಸಬಹುದು. ಇಲ್ಲದ ಆರ್‌ಸಿ ಪುಸ್ತಕವನ್ನು ಸೃಷ್ಟಿಸಲಾಗದು. ಚಾಸಿಯ ಮೇಲೂ ಎಂಜಿನ್ನಿನ ಮೇಲೂ ಒತ್ತಿದ ಸಂಖ್ಯೆಗಳು ಪುಸ್ತಕದಲ್ಲಿರುವುದಕ್ಕೆ ಹೊಂದುತ್ತವೆಯೇ, ಎಂವೈ ಎಂದು ಆರಂಭವಾಗುವ ಆ ಹಳೆಯ ಮೈಸೂರು ನೋಂದಣಿ ಇಂದಿಗೂ ಸಜೀವವಾಗಿದೆಯೇ ಎಂಬುದನ್ನು ವಿಚಾರಿಸಿ ಮುಂಗಡ ಕೊಡತಕ್ಕದ್ದು.

ಬಿಚ್ಚುವ ಕಾರ್ಯದಲ್ಲಿ ಬಲಕ್ಕಿಂತ ತಾಳ್ಮೆಗೆ ಹೆಚ್ಚಿನ ಪಾತ್ರವಿದೆಯೆಂಬುದನ್ನು ಎಲ್ಲರೂ ಹೇಳುತ್ತಾರೆ, ಯಾರೂ ನಂಬುವುದಿಲ್ಲ. ವರ್ಷಾನುಗಟ್ಟಲೆ ಬಿಗಿದು ಕುಳಿತ ಸ್ಕ್ರೂವಿನ ತಲೆಯನ್ನು ಒಮ್ಮೆ ಸವೆಯಿಸಿದಾಗ ಮಾತ್ರ ಆ ಉಪದೇಶಕ್ಕೆ ಅರ್ಥ ಬರುತ್ತದೆ. ಕ್ಲಚ್ಚಿಗೂ ಡೈನಮೋವಿನ ಆರ್ಮೇಚರಿಗೂ ಅವುಗಳದೇ ಆದ ಪುಲ್ಲರುಗಳು ಬೇಕು. ಅವಿಲ್ಲದೆ ಸುತ್ತಿಗೆಯಿಂದ ಬಡಿದು ಬಿಡಿಸಿದವರ ಕುರುಹು ಅನೇಕ ಎಂಜಿನ್ನುಗಳ ಮೇಲೆ ಇಂದಿಗೂ ಅಚ್ಚಳಿಯದೆ ಉಳಿದಿದೆ. ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳನ್ನು ಬೇರ್ಪಡಿಸಿ ಬೇರಿಂಗು ಕೂರಿಸುವ ಘಟ್ಟಕ್ಕೆ ಬಂದಾಗ ಪದಾರ್ಥವಿಜ್ಞಾನ ನೆರವಿಗೆ ಬರುತ್ತದೆ. ಶಾಖಕ್ಕೆ ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಇಮ್ಮಡಿಯಾಗಿ ಹಿಗ್ಗುತ್ತದೆ. ಆದ್ದರಿಂದ ಎಣ್ಣೆಪೆಟ್ರೋಲುಗಳ ಲೇಶವೂ ಇಲ್ಲದಂತೆ ತೊಳೆದ ಕೇಸನ್ನು 100 ಡಿಗ್ರಿಯ ಆಸುಪಾಸಿಗೆ ಕಾಯಿಸಿ, ಫ್ರಿಜ್ಜಿನಲ್ಲಿ ತಣಿಸಿಟ್ಟ ಬೇರಿಂಗನ್ನು ಅದರ ಬಾಯಿಗೆ ಹಿಡಿದರೆ, ಸುತ್ತಿಗೆಯ ಹಂಗಿಲ್ಲದೆ ತಾನಾಗಿಯೇ ಜಾರಿ ನೆಲೆಗೊಳ್ಳುತ್ತದೆ. ಒಲೆಯನ್ನೂ ಫ್ರಿಜ್ಜನ್ನೂ ಏಕಕಾಲದಲ್ಲಿ ಆಕ್ರಮಿಸುವ ಈ ಪ್ರಯೋಗಕ್ಕೆ ಅಡುಗೆಮನೆಯ ಅಧಿಕಾರ ಯಾರ ಕೈಯಲ್ಲಿದೆಯೋ ಅವರ ಪೂರ್ವಾನುಮತಿ ಪಡೆಯುವುದು ಲೋಹಶಾಸ್ತ್ರದಷ್ಟೇ ಆವಶ್ಯಕ.

ಕ್ರ್ಯಾಂಕಿನ ಎರಡು ತುದಿಗಳಲ್ಲಿರುವ ಆಯಿಲ್ ಸೀಲುಗಳ ಬೆಲೆ ಅತ್ಯಲ್ಪ; ಅವುಗಳ ಮಹತ್ತ್ವ ಬೆಲೆಗೆ ವಿಲೋಮವಾದದ್ದು. ಪಿಸ್ಟನ್ನು ಮೇಲೇರುವಾಗ ಅದರ ಕೆಳಗಿನ ಕೋಣೆಯಲ್ಲಿ ನಿರ್ವಾತ ಉಂಟಾಗಿ ಕಾರ್ಬ್ಯುರೇಟರಿನಿಂದ ಇಂಧನಮಿಶ್ರಿತ ವಾಯು ಒಳಕ್ಕೆ ಸೆಳೆಯಲ್ಪಡುತ್ತದೆ. ಇಳಿಯುವಾಗ ಅದೇ ವಾಯು ಒತ್ತಡಕ್ಕೆ ಸಿಕ್ಕಿ ಪಕ್ಕದ ದಾರಿಗಳಿಂದ ಸಿಲಿಂಡರಿಗೆ ಏರುತ್ತದೆ. ಎಂದಮೇಲೆ ಆ ಕೋಣೆ ಎಲ್ಲಿಯೂ ಸೋರದಂತಿರಬೇಕಾದುದು ಅನಿವಾರ್ಯ. ಎಡಗಡೆಯ ಸೀಲು ಸವೆದರೆ ಆಚೆಯ ಚೈನು ಮತ್ತು ಕ್ಲಚ್ಚು ಮುಳುಗಿರುವ ಗೇರೆಣ್ಣೆಯನ್ನೇ ಎಂಜಿನ್ನು ಹೀರಿ, ಬೀದಿಯುದ್ದಕ್ಕೂ ಬಿಳಿಯ ಹೊಗೆ ಚೆಲ್ಲುತ್ತ ಸಾಗುತ್ತದೆ; ಅಂತಹ ಗಾಡಿಯ ಒಡೆಯನಿಗೆ ಬೋರು ಹೋಗಿದೆಯೆಂದು ಹೇಳಿ ಹಣ ಪಡೆದವರಿದ್ದಾರೆ. ಡೈನಮೋ ಇರುವ ಬಲಗಡೆಯ ಸೀಲು ಸವೆದರೆ ಅಪಾಯ ಮತ್ತಷ್ಟು ಗೂಢ. ಅಲ್ಲಿಂದ ನುಗ್ಗುವುದು ಬರಿಯ ಗಾಳಿಯಾದುದರಿಂದ ಹೊಗೆಯ ಸೂಚನೆಯಿಲ್ಲ. ಪೆಟ್ರೋಲಿನ ಪ್ರಮಾಣ ಕುಗ್ಗುತ್ತದೆ, ಅದರೊಡನೆ ಬೆರೆತು ಬರಬೇಕಾದ ಎಣ್ಣೆಯೂ ಕುಗ್ಗುತ್ತದೆ, ಶಾಖ ಏರುತ್ತದೆ, ಮತ್ತು ಎಂಜಿನ್ನು ಹಿಂದೆಂದೂ ಇಲ್ಲದಷ್ಟು ಹುರುಪಿನಿಂದ ಓಡುತ್ತಿದೆಯೆಂದು ಸವಾರ ಹಿಗ್ಗುತ್ತಿರುವಾಗಲೇ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡು, ಹಿಂದಿನ ಚಕ್ರ ಹಠಾತ್ತಾಗಿ ನಿಂತುಬಿಡುತ್ತದೆ. ಗ್ಯಾರೇಜಿನವರು ಸೀಜು ಎನ್ನುವುದು ಇದನ್ನೇ. ಎಂಜಿನ್ನಿಗೆ ಕೈಹಾಕಿದ ಮೇಲೆ ಹಳೆಯ ಸೀಲುಗಳು ಚೆನ್ನಾಗಿಯೇ ಕಾಣುತ್ತವೆಂದು ಉಳಿಸಿಕೊಳ್ಳುವ ಮಿತವ್ಯಯವನ್ನು ನಾನು ಎಂದಿಗೂ ಸಮ್ಮತಿಸಲಾರೆ.

ಮನೆಯಲ್ಲಿ ಮಾಡಲಾಗದ ಕೆಲಸಗಳೂ ಉಂಟು. ಒತ್ತಿ ಜೋಡಿಸಿದ ಕ್ರ್ಯಾಂಕನ್ನು ಬಿಡಿಸಿ, ಹೊಸ ಕನೆಕ್ಟಿಂಗ್ ರಾಡು ಹಾಕಿ, ಮತ್ತೆ ಒತ್ತಿ, ಎರಡು ಪಾರ್ಶ್ವಗಳೂ ಒಂದೇ ಅಕ್ಷದ ಮೇಲೆ ತಿರುಗುವಂತೆ ಸರಿಪಡಿಸುವುದು ಪಳಗಿದ ಲೇತಿನವರ ಕೆಲಸ. ಬೋರಿನ ಮೂಲ ವ್ಯಾಸ 65 ಮಿಲಿಮೀಟರು. ಸವೆದಂತೆಲ್ಲ ಕಾಲು ಕಾಲು ಮಿಲಿಮೀಟರಿನಷ್ಟು ಹಿಗ್ಗಿಸಿ ಅಷ್ಟೇ ದೊಡ್ಡ ಪಿಸ್ಟನ್ನು ಹಾಕುವುದು ವಾಡಿಕೆ. ಇನ್ನು ಹಿಗ್ಗಿಸಲು ಲೋಹವಿಲ್ಲದಿದ್ದರೆ ಸ್ಲೀವು ಹಾಕಿಸಬೇಕು. ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡುವ ಅಂತರ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದ ಆಸುಪಾಸಿನದು. ಇದನ್ನು ಅಳೆಯದೆ, ಬೆರಳಿನಿಂದ ತಳ್ಳಿ ನೋಡಿ ಸರಿಯಿದೆಯೆನ್ನುವ ಲೇತಿನವರಿಂದ ಸಿಲಿಂಡರನ್ನು ಹಿಂದಕ್ಕೆ ಪಡೆದು ಬರುವುದೇ ಕ್ಷೇಮ.

ಈ ಯಂತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಎಡಗಡೆಯ ಸನ್ನೆಕೋಲು. ಅದನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರು. ಎಂಜಿನ್ನು ಹೊತ್ತಿಕೊಂಡ ಬಳಿಕ ಮುಂದಕ್ಕೆ ಮಡಿಸಿದರೆ ಅದೇ ಗೇರಿನ ಲಿವರು. ಇಷ್ಟೇ ಸಾಲದೆಂಬಂತೆ, ಪಾದ ಅದನ್ನು ಒತ್ತಿದ ಮೊದಲ ಕ್ಷಣದಲ್ಲಿ ಒಳಗಿನ ಇಳಿಜಾರು ತುಣುಕೊಂದು ಕ್ಲಚ್ಚನ್ನು ತಳ್ಳಿ ಬಿಡಿಸಿ, ಅನಂತರವೇ ಗೇರು ಬದಲಾಗಲು ಎಡೆಕೊಡುವುದರಿಂದ, ಓಡುತ್ತಿರುವಾಗ ಕೈಯ ಕ್ಲಚ್ಚನ್ನು ಹಿಡಿಯದೆಯೇ ನಾಲ್ಕು ಗೇರುಗಳನ್ನೂ ಬದಲಿಸಬಹುದು. ಅನೇಕ ಗಾಡಿಗಳಲ್ಲಿ ಈ ಸೌಕರ್ಯ ಕೆಟ್ಟು ಎಷ್ಟೋ ಕಾಲವಾಗಿದೆ. ಅದೊಂದು ಇತ್ತೆಂಬುದೇ ಒಡೆಯರಿಗೆ ತಿಳಿಯದು. ಕ್ಲಚ್ಚಿನ ಒತ್ತುಕಡ್ಡಿಯ ಸಡಿಲವನ್ನು ಸ್ವಲ್ಪ ಹೊಂದಿಸಿದರೆ ಬಹುಪಾಲು ಸಂದರ್ಭಗಳಲ್ಲಿ ಅದು ಮರಳಿ ಬರುತ್ತದೆ.

ಈಗ ಮಾರ್ಪಾಟಿನ ವಿಚಾರ. ಲಂಡನ್ನಿನ ಏಸ್ ಕೆಫೆಯ ಮುಂದೆ ಐವತ್ತು ಅರವತ್ತರ ದಶಕಗಳ ತರುಣರು ಬಗ್ಗಿಸಿದ ಹ್ಯಾಂಡಲಿನ, ಒಂಟಿ ಸೀಟಿನ ಗಾಡಿಗಳನ್ನು ನಿಲ್ಲಿಸುತ್ತಿದ್ದ ಕಾಲದಿಂದ ಕೆಫೆ ರೇಸರ್ ಎಂಬ ಶೈಲಿಯೂ, ಅಮೆರಿಕದಲ್ಲಿ ಮಡ್‌ಗಾರ್ಡುಗಳನ್ನು ಮೊಟಕುಗೊಳಿಸಿ ಭಾರ ಕಳೆದವರಿಂದ ಬಾಬರ್ ಎಂಬ ಶೈಲಿಯೂ ಹುಟ್ಟಿ, ಇಂದು ನಮ್ಮ ಊರುಗಳ ಗ್ಯಾರೇಜುಗಳವರೆಗೂ ಹಬ್ಬಿವೆ. ಅವರಿಗೆ ಓಟದ ವೇಗ ಬೇಕಾಗಿತ್ತು. ನಮ್ಮಲ್ಲಿ ಹಲವರಿಗೆ ಫೋಟೊ ಬೇಕಾಗಿದೆ. ಆಸೆ ದೋಷವಲ್ಲ, ಆದರೆ ಕತ್ತರಿಸುವ ಗರಗಸಕ್ಕೆ ಕಾರಣಗಳು ಕಾಣುವುದಿಲ್ಲ. ಹಿಂಭಾಗ ಚಿಕ್ಕದಾಗಿ ಕಾಣಲೆಂದು ಫ್ರೇಮಿನ ಹಿಂದಿನ ಬಳೆಯನ್ನು ತುಂಡರಿಸಿದವನು ಶಾಕ್ ಅಬ್ಸಾರ್ಬರಿನ ಮೇಲ್ತುದಿಗೆ ಆಧಾರವಾದುದನ್ನೇ ದುರ್ಬಲಗೊಳಿಸುತ್ತಾನೆ. ಸದ್ದಿಗಾಗಿ ಸೈಲೆನ್ಸರಿನ ಒಳಗಿನ ಕೊಳವೆಯನ್ನು ಕಿತ್ತೆಸೆದವನಿಗೆ ಸದ್ದು ದಕ್ಕುತ್ತದೆ, ಎಳೆತ ಹೋಗುತ್ತದೆ; ಹೊಗೆಯ ಹಿಂದೆಯೇ ಹೊರಕ್ಕೆ ಜಾರಹೊರಟ ಹೊಸ ಇಂಧನವನ್ನು ನಳಿಗೆಯಿಂದ ಮರಳುವ ಒತ್ತಡದ ಅಲೆಯೇ ತಡೆದು ಸಿಲಿಂಡರಿಗೆ ಹಿಂದಿರುಗಿಸುತ್ತದೆಂಬುದು ಟೂ ಸ್ಟ್ರೋಕಿನ ಮರ್ಮ.

ಕಾನೂನೂ ಇಲ್ಲಿ ಉದಾರವಾಗಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ನಿರ್ಮಾತೃ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸಕೂಡದು. ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಇದನ್ನು ಎತ್ತಿಹಿಡಿಯಿತು. 2021ರಲ್ಲಿ ಬಂದ ನಿಯಮಗಳು 50 ವರ್ಷ ಮೀರಿದ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ಪದವಿಯನ್ನೂ, ವಿಎ ಎಂಬ ಅಕ್ಷರಗಳುಳ್ಳ ಸಂಖ್ಯಾಫಲಕವನ್ನೂ ದಯಪಾಲಿಸಿವೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಆದರೆ ವಾಹನ ಮೂಲರೂಪದಲ್ಲಿರಬೇಕು, ಚಾಸಿ, ಒಡಲು, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು, ನಿತ್ಯದ ಓಡಾಟಕ್ಕೆ ಬಳಸಬಾರದು. ಮೊದಲೆರಡು ಷರತ್ತುಗಳು ನ್ಯಾಯವೇ. ಮೂರನೆಯದು ಮಾತ್ರ, ಓಡುವುದರಿಂದಲೇ ಆರೋಗ್ಯವಾಗಿರುವ ಯಂತ್ರದ ವಿಷಯದಲ್ಲಿ ಅದನ್ನು ಬಲ್ಲವರು ಬರೆದುದೆಂದು ತೋರುವುದಿಲ್ಲ.

ಹಾಗಾದರೆ ಏನನ್ನೂ ಬದಲಿಸಲೇಬಾರದೆ? ಕಾಲ ಬದಲಿಸಿರುವುದಕ್ಕೆ ಉತ್ತರ ಕೊಡಲೇಬೇಕಷ್ಟೆ. ಪೆಟ್ರೋಲಿನಲ್ಲಿ ಈಗ 20 ಪ್ರತಿಶತದವರೆಗೆ ಎಥನಾಲು ಬೆರೆತಿದೆ. ಅದು ಹಳೆಯ ಕಾಲದ ರಬ್ಬರನ್ನು ಊದಿಸುತ್ತದೆ, ನೀರನ್ನು ಹೀರಿ ಟ್ಯಾಂಕಿನ ತಳಕ್ಕೆ ತುಕ್ಕು ತರುತ್ತದೆ, ಇಂಧನಮಿಶ್ರಣವನ್ನು ತೆಳುವಾಗಿಸುತ್ತದೆ. ಪೆಟ್ರೋಲಿನ ಪೈಪನ್ನೂ ವಾಷರುಗಳನ್ನೂ ಬದಲಿಸಿ, ಕಾರ್ಬ್ಯುರೇಟರಿಗೆ ಒಂದು ಅಳತೆ ದೊಡ್ಡ ಜೆಟ್ಟನ್ನು ಹಾಕುವುದು ವಿವೇಕ. ಆರು ವೋಲ್ಟಿನ ದೀಪ ಇಂದಿನ ಹೆದ್ದಾರಿಯಲ್ಲಿ ದಾರಿ ತೋರಿಸುವುದಿರಲಿ, ತಾನಿದ್ದೇನೆಂದು ತೋರಿಸಿಕೊಳ್ಳಲೂ ಅಸಮರ್ಥ. ಹನ್ನೆರಡು ವೋಲ್ಟಿಗೆ ಪರಿವರ್ತಿಸಿದವರನ್ನು ನಾನು ದೂಷಿಸೆನು, ಕಿತ್ತ ಡೈನಮೋವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದರೆ. ಹ್ಯಾಂಡಲು, ಸೀಟು, ಕನ್ನಡಿ, ಸಾಮಾನು ಕಟ್ಟುವ ಕ್ಯಾರಿಯರು, ಇವೆಲ್ಲ ಪಾನಾ ಹಿಡಿದವನು ಒಂದು ಮಧ್ಯಾಹ್ನದಲ್ಲಿ ಯಥಾಸ್ಥಿತಿಗೆ ತರಬಹುದಾದ ಬದಲಾವಣೆಗಳು. ವೆಲ್ಡಿಂಗಿನ ಕಿಡಿ ಹಾರುವವರೆಗೆ ಅಭಿರುಚಿಗೆ ಸ್ವಾತಂತ್ರ್ಯವಿರಲಿ ಎಂಬುದು ನನ್ನ ಗಡಿರೇಖೆ.

ಬಣ್ಣದ ವಿಷಯದಲ್ಲಿ ವಾದಗಳಿಗೆ ಕೊನೆಯಿಲ್ಲ. ಜಾವಾದ ಕಡುಕೆಂಪನ್ನು ಪ್ರತಿಯೊಬ್ಬ ಪೇಂಟರನೂ ತಾನೊಬ್ಬನೇ ಬಲ್ಲೆನೆನ್ನುತ್ತಾನೆ, ಯಾವ ಇಬ್ಬರ ಬಣ್ಣವೂ ಒಂದಾಗುವುದಿಲ್ಲ. ಮೂಲದ ಬಣ್ಣ ಬೇಕಾದರೆ ಬಿಸಿಲು ಬೀಳದ ಸ್ಥಳದಲ್ಲಿ, ಟ್ಯಾಂಕಿನ ಮೊಣಕಾಲು ರಬ್ಬರಿನ ಹಿಂದೆಯೋ ಟೂಲ್‌ಬಾಕ್ಸಿನ ಒಳಮೈಯಲ್ಲೋ ಹುಡುಕಬೇಕು. ಟ್ಯಾಂಕು ಮತ್ತು ಮಡ್‌ಗಾರ್ಡುಗಳ ಮೇಲಿನ ಸಣ್ಣ ಗೆರೆಗಳನ್ನು ಈಗ ಸ್ಟಿಕ್ಕರಿನಲ್ಲಿ ಅಂಟಿಸುತ್ತಾರೆ. ಉದ್ದ ಕೂದಲಿನ ಕುಂಚದಿಂದ ಉಸಿರು ಬಿಗಿಹಿಡಿದು ಒಂದೇ ಎಳೆತದಲ್ಲಿ ಗೆರೆ ಹೊಡೆಯುವ ಕೈಗಳು ವಿರಳವಾಗಿವೆ, ಸಿಕ್ಕರೆ ಅವರು ಕೇಳಿದಷ್ಟನ್ನು ಚೌಕಾಸಿಯಿಲ್ಲದೆ ಕೊಡತಕ್ಕದ್ದು.

ಜೋಡಣೆ ಮುಗಿದ ಮೇಲೆ ಪಾಯಿಂಟುಗಳ ಅಂತರವನ್ನು 0.4 ಮಿಲಿಮೀಟರಿಗೆ ನಿಲ್ಲಿಸಿ, ಪಿಸ್ಟನ್ನು ತುತ್ತತುದಿಗೆ ಸುಮಾರು ಮೂರು ಮಿಲಿಮೀಟರು ಇರುವಾಗ ಅವು ತೆರೆಯುವಂತೆ ಹೊಂದಿಸಬೇಕು. ನಡುವೆ ಹಿಡಿದ ಸಿಗರೇಟಿನ ಕಾಗದ ಸಡಿಲವಾಗುವ ಕ್ಷಣವೇ ತೆರೆಯುವ ಕ್ಷಣ. ಲೀಟರು ಪೆಟ್ರೋಲಿಗೆ ಸಾಮಾನ್ಯವಾಗಿ 40 ಮಿಲಿಲೀಟರು ಎಣ್ಣೆ ಸಾಕಾದರೂ ಹೊಸ ಬೋರು ಪಳಗುವವರೆಗೆ 50 ಹಾಕುವುದು ಒಳ್ಳೆಯದು. ನೆರೆಹೊರೆಯವರು ನೀಲಿ ಹೊಗೆಯನ್ನು ಕೆಲವು ವಾರ ಸಹಿಸಿಕೊಳ್ಳಬೇಕಾಗುತ್ತದೆ. ಮೊದಲ ಓಡಾಟದ ಬಳಿಕ ತಣಿದ ಎಂಜಿನ್ನಿನ ಹೆಡ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು, ಪ್ಲಗ್ಗು ಬಿಚ್ಚಿ ನೋಡಿದಾಗ ಅದರ ತುದಿ ಕಂದುಬಣ್ಣಕ್ಕೆ ತಿರುಗಿದ್ದರೆ ಮಿಶ್ರಣ ಸರಿಯಿದೆ. ಬೆಳ್ಳಗಿದ್ದರೆ ಆ ಬಲಗಡೆಯ ಸೀಲನ್ನು ನೆನೆದು ಅಲ್ಲಿಯೇ ನಿಲ್ಲಿಸಬೇಕು. ಇಷ್ಟಾದರೆ, ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಈ ಗಾಡಿಗಳ ಒಡೆಯರೆಲ್ಲ ಕೂಡುವ ದಿನಕ್ಕೆ ಹೊರಡಲಡ್ಡಿಯಿಲ್ಲ. ಅಲ್ಲಿ ನೆರೆಯುವ ಹಿರಿಯರಿಗೆ ಎಂಜಿನ್ನಿನೊಳಗೆ ನಾವು ಪಟ್ಟ ಪಾಡೆಲ್ಲ ಗೌಣ. ಅವರು ಮೊದಲು ಬಗ್ಗಿ ನೋಡುವುದು ಟ್ಯಾಂಕಿನ ಮೊಣಕಾಲು ರಬ್ಬರು ಕಾರ್ಖಾನೆಯದೋ ಈಚಿನ ನಕಲೋ ಎಂಬುದನ್ನು.