ಸ್ಪಿತಿಯಲ್ಲಿ ಸಿಕ್ಕ ಸಾಲಿಗ್ರಾಮದ ದಾಯಾದಿ

ಸ್ಪಿತಿಯ ಲಾಂಗ್ಜಾ ಊರಿನ ಕೆಳಗಿನ ಹಳ್ಳದಲ್ಲಿ ಹುಡುಗನೊಬ್ಬ ಬಗ್ಗಿ, ಒಂದು ಕಪ್ಪು ಉಂಡೆ ಎತ್ತಿ ನನ್ನ ಅಂಗೈಗಿಟ್ಟ. ನಿಂಬೆಹಣ್ಣಿಗಿಂತ ತುಸು ದೊಡ್ಡದು, ಗಾತ್ರಕ್ಕೆ ಮೀರಿದ ಭಾರ. ಒಡೆಯುವ ಕೆಲಸವೇ ಇರಲಿಲ್ಲ. ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ, ಹಿಗ್ಗಿ, ಯಾವುದೋ ಚಳಿಗಾಲದಲ್ಲಿ ಅದನ್ನು ಎರಡು ಹೋಳು ಮಾಡಿಟ್ಟಿತ್ತು. ಮೇಲಿನ ಹೋಳನ್ನು ಕುಂಕುಮದ ಭರಣಿಯ ಮುಚ್ಚಳದಂತೆ ತೆಗೆದೆ. ಒಳಗೆ ಮುಳ್ಳು ಚಕ್ಕುಲಿ! ಸುತ್ತು, ಸುತ್ತಿನೊಳಗೆ ಸುತ್ತು, ಪ್ರತಿ ಸುತ್ತಿಗೂ ಒತ್ತೊತ್ತಾಗಿ ಏಣು. ಕೆಳಗಿನ ಹೋಳಿನಲ್ಲಿ ಚಕ್ಕುಲಿ, ಮೇಲಿನದರಲ್ಲಿ ಅದರ ಅಚ್ಚು.

ಸಮುದ್ರಮಟ್ಟದಿಂದ ಸುಮಾರು 4,400 ಮೀಟರ್ ಎತ್ತರದಲ್ಲಿ, ಹತ್ತು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುತ್ತಿದ್ದವನಿಗೆ ಆ ಕ್ಷಣಕ್ಕೆ ನೆನಪಾದದ್ದು ಒಂದು ಕಾಲಕ್ಕೆ ಇಲ್ಲಿದ್ದ ಟೆಥಿಸ್ ಸಮುದ್ರವಲ್ಲ, ಹಿಮಾಲಯವೂ ಅಲ್ಲ. ಊರ ಮನೆಯ ದೇವರ ಸಂಪುಟ. ಅಜ್ಜ ಒದ್ದೆ ಪಂಚೆಯಲ್ಲಿ ಕೂತು ಅದರೊಳಗಿನ ಸಾಲಿಗ್ರಾಮಗಳನ್ನು ಒಂದೊಂದಾಗಿ ಎತ್ತಿ ತಟ್ಟೆಗಿಡುತ್ತಿದ್ದ ರೀತಿ. ಒಂದರ ಬಾಯಿಯೊಳಗೆ ಕಿರುಬೆರಳು ಹಾಕಿಸಿ, ‘ಚಕ್ರ ಸಿಕ್ಕಿತಾ?’ ಎಂದು ನನ್ನನ್ನು ಕೇಳುತ್ತಿದ್ದರು. ಸಿಗುತ್ತಿತ್ತು. ಇದೇ ಏಣು, ಇದೇ ತಿರುವು. ವಜ್ರಕೀಟವೆಂಬ ಹುಳು ಗಂಡಕಿಯ ಕಲ್ಲನ್ನು ಕೊರೆದು ಚಕ್ರ ಮಾಡುತ್ತದೆ ಎಂಬುದು ಅವರು ಹೇಳಿದ ಕಥೆ. ಹುಳು ಈಗ ಎಲ್ಲಿ ಹೋಯಿತು ಎಂದು ಕೇಳಿದ್ದಕ್ಕೆ ತೀರ್ಥ ಕೊಟ್ಟು ಕಳಿಸಿದ್ದರು.

ಅಜ್ಜನ ಲೆಕ್ಕ ಪೂರ್ತಿ ತಪ್ಪಲ್ಲ ಎಂಬುದೇ ನನ್ನನ್ನು ಇನ್ನೂ ಕಾಡುವ ಸಂಗತಿ. ಕಲ್ಲಿನೊಳಗೆ ಒಂದು ಜೀವ ಇದ್ದದ್ದು ನಿಜ. ಆದರೆ ಅದು ಕಲ್ಲನ್ನು ಕೊರೆಯಲಿಲ್ಲ, ಕಲ್ಲೇ ಅದರ ಸುತ್ತ ಕಟ್ಟಿಕೊಂಡಿತು. ಅಮೊನೈಟ್ ಎಂಬ ಈ ಪ್ರಾಣಿ ಬೊಂಡಾಸ್ (ಸ್ಕ್ವಿಡ್) ಮೀನಿನ ದೂರದ ಬಳಗ. ಸುರುಳಿ ಚಿಪ್ಪಿನ ಕೊನೆಯ ಕೋಣೆಯಲ್ಲಿ ಅದರ ವಾಸ. ಬೆಳೆದಂತೆಲ್ಲ ಮುಂದೆ ಹೊಸ ಕೋಣೆ, ಹಿಂದಿನದಕ್ಕೆ ಗೋಡೆ. ಖಾಲಿ ಕೋಣೆಗಳಲ್ಲಿ ಗಾಳಿ ತುಂಬಿ ತೇಲುವ ಉಪಾಯ. ಸತ್ತು ತಳದ ಕಪ್ಪು ಕೆಸರಿಗೆ ಬಿದ್ದಾಗ, ಕೊಳೆಯುವ ದೇಹ ಸುತ್ತಲಿನ ನೀರಿನ ರಸಾಯನವನ್ನೇ ಬದಲಿಸುತ್ತದೆ. ಖನಿಜಗಳು ಅಲ್ಲೇ ಗಟ್ಟಿಯಾಗಿ ಚಿಪ್ಪಿನ ಸುತ್ತ ಉಂಡೆ ಕಟ್ಟುತ್ತವೆ. ಕೆಸರು ಕಾಲಾಂತರದಲ್ಲಿ ಪದರಪದರ ಜೇಡಿಕಲ್ಲಾಗಿ, ಮುಟ್ಟಿದರೆ ಉದುರುತ್ತದೆ. ಉಂಡೆ ಮಾತ್ರ ಉಳಿಯುತ್ತದೆ. ಕೆಲವು ಸಾಲಿಗ್ರಾಮಗಳಲ್ಲಿ ಚಿನ್ನದ ಗೆರೆ ಕಂಡರೆ ಮನೆಯವರು ಬೀಗುತ್ತಾರಲ್ಲ, ಅದು ಪೈರೈಟ್, ಕಬ್ಬಿಣ ಮತ್ತು ಗಂಧಕ ಸೇರಿದ್ದು. ಇದನ್ನು ನಮ್ಮ ಮನೆಯಲ್ಲಿ ನಾನು ಇನ್ನೂ ಹೇಳಿಲ್ಲ.

ಸಾಲಿಗ್ರಾಮ ಸಿಗುವ ನೇಪಾಳದ ಕಾಳಿ ಗಂಡಕಿ ಇಲ್ಲಿಂದ ನೂರಾರು ಕಿಲೋಮೀಟರ್ ಆಗ್ನೇಯಕ್ಕಿದೆ. ಆದರೂ ಅದರ ಬಳಿಯ ಮುಕ್ತಿನಾಥದ ಸುತ್ತಲಿನ ಕಪ್ಪು ಜೇಡಿಕಲ್ಲನ್ನು ಭೂವಿಜ್ಞಾನಿಗಳು ‘ಸ್ಪಿತಿ ಶೇಲ್’ ಎಂದೇ ಕರೆಯುವುದುಂಟು. ಒಂದೇ ಟೆಥಿಸ್ ಕಡಲಿನ ಕೆಸರು, ಹೆಚ್ಚುಕಡಿಮೆ ಒಂದೇ ಕಾಲ, ಜುರಾಸಿಕ್ ಯುಗದ ಕೊನೆಯ ಭಾಗ. ಅಲ್ಲಿ ನದಿ ಉಂಡೆಗಳನ್ನು ಉರುಳಿಸಿ, ತಿಕ್ಕಿ, ನುಣುಪು ಮಾಡಿ ಉಡುಪಿಯ ಮಠಗಳವರೆಗೆ ಕಳಿಸಿತು. ಇಲ್ಲಿಯವು ಹಳ್ಳದಲ್ಲೇ ಒರಟಾಗಿ ಕೂತಿವೆ. ಮೂಲ ಒಂದೇ, ಮನೆ ಬೇರೆ: ದಾಯಾದಿಗಳು.

ಈ ಕಲ್ಲುಗಳ ಜಾತಕ ಬರೆದವರಲ್ಲಿ ನನಗೆ ಅಚ್ಚುಮೆಚ್ಚಿನವನು ಫರ್ಡಿನೆಂಡ್ ಸ್ಟೋಲಿಚ್ಕಾ. ಜೆರಾರ್ಡ್ ಎಂಬ ಬ್ರಿಟಿಷ್ ಸೋದರರು ಅವನಿಗಿಂತ ಮೊದಲೇ ಇಲ್ಲಿಂದ ಚಿಪ್ಪುಕಲ್ಲುಗಳನ್ನು ಹೊತ್ತೊಯ್ದಿದ್ದರು, ಆದರೆ ಪದರಗಳ ಲೆಕ್ಕ ಹಾಕಿದವನು ಇವನು. ಹುಟ್ಟಿದ್ದು 1838ರಲ್ಲಿ ಮೊರಾವಿಯಾದಲ್ಲಿ, ಓದಿದ್ದು ವಿಯೆನ್ನಾದಲ್ಲಿ, 1862ರಲ್ಲಿ ಕಲ್ಕತ್ತೆಯ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ನೌಕರಿಗೆ ಬಂದ. ಒಂದು ಕಡೆ ತಿರುಚಿರಾಪಳ್ಳಿ ಸೀಮೆಯ ಅಮೊನೈಟ್‌ಗಳ ಮೇಲೆ ದಪ್ಪ ದಪ್ಪ ಸಂಪುಟ. ಇನ್ನೊಂದು ಕಡೆ 1864ರಲ್ಲಿ ಸಟ್ಲೆಜ್ ದಾಟಿ ಸ್ಪಿತಿಗೆ ಸವಾರಿ. ಇಲ್ಲಿನ ಪುಟ್ಟ ಹಳ್ಳಿಗಳ ಹೆಸರನ್ನೇ ಅವನು ಕಲ್ಲಿನ ಪದರಗಳಿಗೆ ಇಟ್ಟ: ಮೂತ್, ಕುಲಿಂಗ್, ಲಿಲಾಂಗ್. ಒಂದೂವರೆ ಶತಮಾನ ಕಳೆದರೂ ಆ ಹೆಸರುಗಳೇ ಬಳಕೆಯಲ್ಲಿವೆ. ಹತ್ತಿಪ್ಪತ್ತು ಮನೆಗಳ ಊರೊಂದರ ಹೆಸರು ಜಗತ್ತಿನ ಭೂವಿಜ್ಞಾನದ ಗ್ರಂಥಗಳಲ್ಲಿ ಕೂತಿರುವುದು ನನಗೆ ಬಲು ಇಷ್ಟ. 1874ರಲ್ಲಿ ಬ್ರಿಟಿಷರ ಯಾರ್ಕಂದ್ ನಿಯೋಗದೊಂದಿಗೆ ಹೋಗಿ ಹಿಂತಿರುಗುವಾಗ ಲಡಾಖಿನ ಮುರ್ಗೋ ಎಂಬಲ್ಲಿ ಅವನು ತೀರಿಕೊಂಡ. ಆಗ ಅವನಿಗೆ 36 ವರ್ಷ. ಸಮಾಧಿ ಲೇಹ್‌ನಲ್ಲಿದೆ. ಪ್ರವಾಸಿಗಳು ಅದರ ಪಕ್ಕದಲ್ಲೇ ಬೈಕ್ ಓಡಿಸಿಕೊಂಡು ಹೋಗುತ್ತಾರೆ.

ಸ್ಪಿತಿ ಎಂದರೆ ‘ನಡುವಿನ ನಾಡು’ ಎಂದು ಅರ್ಥ ಹೇಳುತ್ತಾರೆ, ಭಾರತಕ್ಕೂ ಟಿಬೆಟ್ಟಿಗೂ ನಡುವೆ. ಇತಿಹಾಸವೂ ಹಾಗೆಯೇ, ಯಾರದೋ ಅಂಚಿನಲ್ಲಿ ಬದುಕಿದ್ದು. ಪಶ್ಚಿಮ ಟಿಬೆಟ್ಟಿನ ಗುಗೆ ಅರಸರು, ಆಮೇಲೆ ಲಡಾಖ್, ನಡುವೆ ಡೋಗ್ರಾ ಸೈನ್ಯದ ದಾಳಿ, 1846ರಲ್ಲಿ ಬ್ರಿಟಿಷರು. ಅವರ ಕಾಲದಲ್ಲೂ ದಿನನಿತ್ಯದ ಆಡಳಿತ ‘ನೋನೋ’ ಪದವಿಯ ಸ್ಥಳೀಯ ಮನೆತನದ ಕೈಯಲ್ಲೇ ಇತ್ತು. 1960ರಲ್ಲಿ ಲಾಹೌಲ್ ಜೊತೆ ಸೇರಿ ಜಿಲ್ಲೆಯಾಯಿತು. ಈಗ ಹಿಮಾಚಲ ಪ್ರದೇಶ. ಮುಂಗಾರಿನ ಮೋಡಗಳನ್ನು ದಕ್ಷಿಣದ ಶಿಖರಗಳು ಅಲ್ಲೇ ತಡೆದು ಹಿಂಡಿಬಿಡುವುದರಿಂದ ಇಲ್ಲಿಗೆ ಬರುವುದು ಬರಿಯ ಗಾಳಿ. ಹಿಮ ಕರಗಿದ ನೀರನ್ನು ‘ಕೂಲ್’ ಎಂಬ ಸಣ್ಣ ಕಾಲುವೆಯಲ್ಲಿ ತಂದರೆ ಬಾರ್ಲಿ ಮತ್ತು ಬಟಾಣಿ, ಇಲ್ಲದಿದ್ದರೆ ಬರಿ ಮಣ್ಣು.

ಬೆಟ್ಟಗಳು ಬೋಳು. ಮಲೆನಾಡಿನ ಹಸಿರು ಕಂಡ ಕಣ್ಣಿಗೆ ಮೊದಲ ದಿನ ಇದು ಚಂದ ಅನಿಸುವುದಿಲ್ಲ, ನಿಜ ಹೇಳಿಬಿಡುತ್ತೇನೆ. ಎರಡನೆಯ ದಿನ ಸಂಜೆ ಅಭಿಪ್ರಾಯ ಬದಲಾಯಿತು. ಮರಗಿಡಗಳಿಲ್ಲದ ಕಾರಣಕ್ಕೇ ಇಲ್ಲಿ ಮಣ್ಣಿನ ಬಣ್ಣ ಕಾಣುತ್ತದೆ: ಇಟ್ಟಿಗೆ ಕೆಂಪು, ಸುಣ್ಣದ ಬಿಳಿ, ಹಾಗಲದ ಹೊರಸಿಪ್ಪೆಯಂಥ ಮಾಸಲು ಹಸಿರು, ನಡುನಡುವೆ ಆ ಕಪ್ಪು ಜೇಡಿಯ ಪಟ್ಟಿ. ಊರಿನ ನೆತ್ತಿಯ ಮೇಲೆ ಚೌ ಚೌ ಕಾಂಗ್ ನಿಲ್ದಾ, 6,303 ಮೀಟರ್. ಕಣಿವೆಯಲ್ಲಿ ದೀಪ ಹಚ್ಚಿದ ಮೇಲೂ ಅದರ ತುದಿಯಲ್ಲಿ ಬಿಸಿಲು ಇತ್ತು. ಯಾಕ್‌ಗಳು ಇಳಿಜಾರಿನಿಂದ ತಾವಾಗಿಯೇ ಮನೆಗೆ ಹೊರಟವು. ನಾವು ಉಳಿದಿದ್ದ ಮನೆಯ ಯಜಮಾನಿ ಸಗಣಿ ಬೆರಣಿಯ ಒಲೆಯ ಮೇಲೆ ಥುಕ್ಪಾ ಇಟ್ಟು, ಕೈಸನ್ನೆಯಲ್ಲೇ ಒಳಗೆ ಬಂದು ಕೂರಲು ಹೇಳಿದರು.

ಇಲ್ಲಿ ‘ಜಗತ್ತಿನಲ್ಲೇ ಎತ್ತರದ’ ಎಂಬ ಫಲಕಗಳ ಪೈಪೋಟಿ ಜೋರಾಗಿದೆ. ಕೋಮಿಕ್‌ನಲ್ಲಿ ಎತ್ತರದ ಹಳ್ಳಿ, ಹಿಕ್ಕಿಂನಲ್ಲಿ ಎತ್ತರದ ಅಂಚೆ ಕಚೇರಿ. ಅಳೆದವರು ಯಾರು ಎಂದು ಕೇಳುವ ಚಪಲ ನನ್ನದು. ಆದರೂ ಹಿಕ್ಕಿಂನಿಂದ ಮನೆಗೊಂದು ಕಾರ್ಡು ಬರೆದು ಹಾಕಿದೆ, ಎಲ್ಲರಂತೆ. ಗ್ಯೂ ಹಳ್ಳಿಯ ಮಮ್ಮಿಯ ಬಗೆಗೂ ಹಾಗೆಯೇ. ಕೂತ ಭಂಗಿಯಲ್ಲೇ ಒಣಗಿ ಉಳಿದ ಭಿಕ್ಷುವಿನ ದೇಹ, ಸುಮಾರು 500 ವರ್ಷ ಹಳೆಯದೆಂದು ಅಂದಾಜು. 1975ರ ಭೂಕಂಪದ ನಂತರ ಬೆಳಕಿಗೆ ಬಂತು. ಅದೇ ಸಾಲದೆ? ಉಗುರು, ಕೂದಲು ಇನ್ನೂ ಬೆಳೆಯುತ್ತಿವೆ ಎಂದು ಟ್ಯಾಕ್ಸಿಯವರು ಸೇರಿಸುವ ಒಗ್ಗರಣೆ ನನಗೆ ರುಚಿಸಲಿಲ್ಲ.

ತಾಬೋ ಬೇರೆ ಮಾತು. 996ರಲ್ಲಿ ಗುಗೆಯ ಯೇಶೆ ಓದ್ ಕಟ್ಟಿಸಿದ ವಿಹಾರ, ಅನುವಾದಕ ರಿಂಚೆನ್ ಝಾಂಗ್ಪೋ ಹೆಸರಿನೊಂದಿಗೆ ಬೆಸೆದದ್ದು. ಹೊರಗಿನಿಂದ ನೋಡಿದರೆ ದೊಡ್ಡ ಮಣ್ಣಿನ ಗುಡ್ಡೆ. ಒಳಗೆ ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಬೇಕು. ಆಮೇಲೆ ಗೋಡೆಯಿಂದ ಮುಂದೆ ಚಾಚಿ ಕೂತ ಜೇಡಿಮಣ್ಣಿನ ದೇವತೆಗಳು ಒಬ್ಬೊಬ್ಬರಾಗಿ ಹೊರಬರುತ್ತಾರೆ, ಅವರ ಸುತ್ತ ಸಾವಿರ ವರ್ಷದ ನೀಲಿ ಬಣ್ಣ. ಟಾರ್ಚ್ ಹಿಡಿದು ನಿಂತಿದ್ದ ಭಿಕ್ಷು ನಮ್ಮ ಮಾತು ಕೇಳಿಸಿಕೊಂಡು, ‘ಕರ್ನಾಟಕಾನಾ? ಊಟ ಆಯ್ತಾ?’ ಎಂದರು. ಮುಂಡಗೋಡಿನ ಟಿಬೆಟನ್ ಮಠದಲ್ಲಿ ಒಂಬತ್ತು ವರ್ಷ ಓದಿದವರಂತೆ. ಅಲ್ಲಿನ ಸೆಕೆಯ ಬಗ್ಗೆ ದೂರಿದರು, ಇಲ್ಲಿ ಹಲಸಿನ ಹಣ್ಣು ಸಿಗುವುದಿಲ್ಲವೆಂದು ಕೊರಗಿದರು.

ಲಾಂಗ್ಜಾದ ಆ ಉಂಡೆಯನ್ನು ನಾನು ತರಲಿಲ್ಲ. ಸಿಕ್ಕಿದ್ದನ್ನೆಲ್ಲ ಜೇಬಿಗೆ ಹಾಕಿಕೊಂಡು ಹೋಗುವವರಿಂದ ಹಳ್ಳ ಬರಿದಾಗುತ್ತಿದೆ, ಕಲ್ಲು ಅಲ್ಲೇ ಬಿಡಿ ಎಂದು ನಾವು ಉಳಿದಿದ್ದ ಮನೆಯವರು ಮೊದಲೇ ಹೇಳಿದ್ದರು. ಎರಡೂ ಹೋಳು ಜೋಡಿಸಿ, ಸಿಕ್ಕ ಜಾಗದಲ್ಲೇ ಇಟ್ಟು, ಫೋಟೊ ಮಾತ್ರ ತೆಗೆದುಕೊಂಡೆ.

ಊರಿಗೆ ಹೋದಾಗ ಅದನ್ನು ದೊಡ್ಡಪ್ಪನಿಗೆ ತೋರಿಸಿದೆ. ಈಗ ಸಂಪುಟ ಅವರ ಬಳಿ ಇದೆ. ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ಬೆರಳಲ್ಲಿ ಹಿಗ್ಗಿಸಿ ನೋಡಿದರು.

‘ತರಬಹುದಿತ್ತಲ್ಲ ಮಾರಾಯ.’

‘ಎರಡು ಹೋಳಾಗಿತ್ತು ದೊಡ್ಡಪ್ಪ.’

‘ಸಾಲಿಗ್ರಾಮಕ್ಕೆ ಭಿನ್ನದೋಷ ಇಲ್ಲ.’

ಊರವರು ಬೇಡವೆಂದರು ಎಂದೆ. ಫೋನ್ ವಾಪಸು ಕೊಟ್ಟರು. ‘ಹಾಗಾದ್ರೆ ಅಲ್ಲೇ ಇರ್ಲಿ. ಆರು ತಿಂಗಳು ಹಿಮದ್ದೇ ಅಭಿಷೇಕ ಆಗ್ತದಲ್ಲ’ ಎಂದು ಎದ್ದು, ಕೈಕಾಲು ತೊಳೆಯಲು ಬಾವಿಕಟ್ಟೆಗೆ ಹೋದರು.